ಅಡ್ಡಗಾಳಿಯಲ್ಲಿ ಇಳಿಯಲಿರುವ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ನಿಮ್ಮಲ್ಲೊಬ್ಬಳು ಒಬ್ಬಳೇ ರನ್‌ವೇ ಸುತ್ತ ಒಂದು ಸುತ್ತು, ಅಂದರೆ ಸೋಲೋ ಸರ್ಕಿಟ್, ಹಾರಿ ಇಳಿಯುವಾಗ ರನ್‌ವೇ ಬಿಟ್ಟು ಎಡಗಡೆಯ ಹುಲ್ಲಿಗೆ ಹೋದಳು. ಚಕ್ರ ನೆಲ ಮುಟ್ಟಿದ್ದು ಸರಿಯಾಗಿಯೇ ಇತ್ತು. ನಾನು ಹ್ಯಾಂಗರ್ ಮುಂದೆ ನಿಂತು ನೋಡುತ್ತಿದ್ದೆ, ಮನಸ್ಸಿನಲ್ಲೇ ಭೇಷ್ ಅಂದುಕೊಂಡೆ. ಅದಾಗಿ ಎರಡು ಮೂರು ಸೆಕೆಂಡು ಕಳೆದಿರಬಹುದು. ಮೂತಿ ಎಡಕ್ಕೆ ತಿರುಗಿತು, ಎಡ ರೆಕ್ಕೆ ಮೇಲೆದ್ದಿತು, ಬಲ ರೆಕ್ಕೆಯ ತುದಿ ಹುಲ್ಲು ಕೆರೆದುಕೊಂಡು ಹೋಯಿತು, ಮುಂದಿನ ಚಕ್ರದ ಕಾಲು ಬಾಗಿತು. ನಾವು ಓಡಿಹೋಗುವಷ್ಟರಲ್ಲಿ ಅವಳು ತಾನೇ ಇಂಧನ ಮುಚ್ಚಿ, ಸ್ವಿಚ್ಚುಗಳನ್ನೆಲ್ಲ ಆರಿಸಿ, ಇಳಿದು ರೆಕ್ಕೆಯ ಕೆಳಗೆ ನಿಂತಿದ್ದಳು. ಮೈಗೆ ಒಂದು ಗೀರೂ ಆಗಿರಲಿಲ್ಲ. ಅವಳು ಆಡಿದ ಮೊದಲ ಮಾತು: ‘ಸರ್, ಗಾಳಿ ಎಳೆದುಬಿಡ್ತು.’

ಆ ಮಾತು ಒಮ್ಮೆ ನನ್ನ ಬಾಯಿಂದಲೂ ಬಂದಿತ್ತು. 1983ರಲ್ಲಿ ನಾನು ಹಾರಲು ಕಲಿಯುತ್ತಿದ್ದಾಗ ನಮಗೆ ಸಿಗುತ್ತಿದ್ದುದು ಪುಷ್ಪಕ್. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ವಿಮಾನ ಅದು. 1958ರಲ್ಲಿ ಮೊದಲ ಸಲ ಹಾರಿ, ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋಯಿತು. ಬಟ್ಟೆ ಹೊದಿಸಿದ ರೆಕ್ಕೆ, ಪಕ್ಕಪಕ್ಕದಲ್ಲಿ ಎರಡು ಸೀಟು, 90 ಕುದುರೆಶಕ್ತಿಯ ಎಂಜಿನ್, ಮುಂದೆ ಎರಡು ಚಕ್ರ, ಬಾಲದಲ್ಲಿ ಒಂದು ಪುಟ್ಟ ಚಕ್ರ. ಬಾಲಚಕ್ರದ ವಿಮಾನದ ಭಾರಕೇಂದ್ರ ಮುಂದಿನ ಎರಡು ಚಕ್ರಗಳಿಗಿಂತ ಹಿಂದಿರುತ್ತದೆ. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿ ರಿವರ್ಸ್ ಹೊಡೆದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಚೂರು ಓರೆಯಾದರೆ ಆ ಓರೆ ತಾನಾಗಿ ಹೆಚ್ಚುತ್ತ ಹೋಗುತ್ತದೆ, ಹಿಡಿದು ಸರಿಮಾಡದಿದ್ದರೆ ಪೂರ್ತಿ ತಿರುಗಿಕೊಳ್ಳುತ್ತದೆ. ನನ್ನ ಬಾಯಿಂದ ಆ ಮಾತು ಬಂದ ದಿನ ಬಲಗಡೆಯಿಂದ ಗಾಳಿ, ಹತ್ತು ನಾಟ್‌ ಕೂಡ ಇರಲಿಲ್ಲ. ಮೂರೂ ಚಕ್ರ ನೆಲಕ್ಕೆ ಕೂತವು. ಸದ್ಯ ಇಳಿದೆ ಎಂದು ಕಾಲು ಸಡಿಲ ಬಿಟ್ಟೆ. ವಿಮಾನ ಗಿರ್ರನೆ ಬಲಕ್ಕೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎಡ ರೆಕ್ಕೆಯ ತುದಿಯ ಬಟ್ಟೆ ಹರಿದು ಒಳಗಿನ ಹಂದರ ಕಾಣುತ್ತಿತ್ತು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ರಿಜಿಸ್ಟರಿನಲ್ಲಿ ‘ಹಠಾತ್ ಬೀಸಿದ ಗಾಳಿ’ ಎಂದು ಬರೆದರು. ನನ್ನ ಬೋಧಕರು ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಹ್ಯಾಂಗರಿನಲ್ಲಿ ನಿಂತಿದ್ದ ಇನ್ನೊಂದು ಪುಷ್ಪಕ್‌ನಲ್ಲಿ ನನ್ನನ್ನು ಕೂರಿಸಿ, ‘ಆ ಹೊತ್ತಿಗೆ ನಿನ್ನ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ಹಾಗೇ ಇಟ್ಟು ತೋರಿಸು’ ಅಂದರು. ಕಂಟ್ರೋಲನ್ನು ನಟ್ಟನಡುವೆ ಹಿಡಿದೆ. ಎರಡೂ ಪಾದ ಪೆಡಲ್ ಮೇಲೆ ಸುಮ್ಮನೆ ಒರಗಿದವು. ಅವರು ಸ್ವಲ್ಪ ಹೊತ್ತು ನೋಡಿದರು. ‘ಸರಿ, ಇಳಿ’ ಅಂದರು. ಅಷ್ಟೇ. ಗಾಳಿ ಎಳೆಯಿತು ಎನ್ನುವ ಮಾತು ನನ್ನ ಬಾಯಿಗೆ ಮತ್ತೆ ಬರಲಿಲ್ಲ.

ಈ ಪತ್ರವನ್ನು ನಿಮ್ಮ ಅಪ್ಪ ಅಮ್ಮಂದಿರೂ, ನಿಮಗೆ ಕಲಿಸುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಚಿಕ್ಕ ವಿಮಾನ ಅಡ್ಡಗಾಳಿಯಲ್ಲಿ ಕೈತಪ್ಪುವುದು ಚಕ್ರ ನೆಲ ಮುಟ್ಟುವ ಕ್ಷಣದಲ್ಲಲ್ಲ. ಎಷ್ಟೋ ಮುಂಚೆ, ‘ಈ ಸಲ ಇಳಿಸಲೇಬೇಕು’ ಎಂದು ಪೈಲಟ್ ಮನಸ್ಸಿನಲ್ಲಿ ಗಂಟು ಹಾಕಿಕೊಂಡಾಗಲೇ ಅದು ಶುರುವಾಗಿರುತ್ತದೆ. ಆ ಗಂಟು ಬಿಚ್ಚುವುದನ್ನು ನಾವು ಬೋಧಕರು ನಿಮಗೆ ಸಾಕಷ್ಟು ಕಲಿಸುತ್ತಿಲ್ಲ. ನನ್ನ ಸಂಕಟ ಅದು.

ಮೊದಲು ಅಡ್ಡಗಾಳಿಯಲ್ಲಿ ಇಳಿಯುವ ಬಗೆ. ಹೊಳೆ ದಾಟಿಸುವ ಅಂಬಿಗನನ್ನು ನೀವು ನೋಡಿರುತ್ತೀರಿ. ಎದುರು ದಡದ ಮೆಟ್ಟಿಲಿಗೆ ನೇರವಾಗಿ ಮೂತಿ ಇಟ್ಟು ಹುಟ್ಟು ಹಾಕಿದರೆ ದೋಣಿ ಎಲ್ಲೋ ಕೆಳಗೆ ಹೋಗಿ ದಡ ಹತ್ತುತ್ತದೆ ಎಂದು ಅವನಿಗೆ ಗೊತ್ತು. ಅದಕ್ಕೇ ಹರಿವಿನ ಮೇಲ್ಗಡೆಗೆ ಮೂತಿ ತಿರುಗಿಸಿ ಹೊರಡುತ್ತಾನೆ. ದೋಣಿ ಓರೆಯಾಗಿ ಕಾಣುತ್ತದೆ, ಹೋಗುವುದು ಮಾತ್ರ ನೇರ ಮೆಟ್ಟಿಲಿಗೆ. ಗಾಳಿಯ ಹೊಳೆಯಲ್ಲಿ ನಾವು ಮಾಡುವುದೂ ಅದನ್ನೇ. ಅದಕ್ಕೆ ಕ್ರ್ಯಾಬ್ ಎನ್ನುತ್ತೇವೆ. ಆದರೆ ದೋಣಿಗೆ ಚಕ್ರವಿಲ್ಲ, ಓರೆಯಾಗಿ ದಡಕ್ಕೆ ತಾಗಿದರೂ ನಡೆಯುತ್ತದೆ. ವಿಮಾನದ ಚಕ್ರ ತಾನು ನೋಡುವ ದಿಕ್ಕಿಗೇ ಉರುಳುತ್ತದೆ. ಓರೆಯಲ್ಲೇ ನೆಲಕ್ಕೆ ಕೂತರೆ ಪಕ್ಕದ ಹೊಡೆತವೆಲ್ಲ ಕಾಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಕೊನೆಗೆ ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ಕಾಲಿನ ರಡ್ಡರ್ ಒತ್ತಿ ಮೂತಿಯನ್ನು ಸೆಂಟರ್ ಲೈನಿಗೆ ತರುತ್ತೇವೆ. ಹೀಗೆ ಇಳಿದ ವಿಮಾನ ಮೊದಲು ಒಂದೇ ಚಕ್ರದ ಮೇಲೆ ಕೂರಬೇಕು. ರೆಕ್ಕೆ ವಾಲಿಸಿಕೊಂಡು ಒಂಟಿ ಚಕ್ರಕ್ಕೆ ಇಳಿಯುವುದು ನೋಡುವವರಿಗೆ ತಪ್ಪು ಮಾಡಿದ ಹಾಗೆ ಕಾಣುತ್ತದೆ. ಹೊಸಬರ ಕೈಯೂ ಅದನ್ನು ಒಪ್ಪುವುದಿಲ್ಲ. ನೆಲ ಹತ್ತಿರ ಬಂದಂತೆ ಮನಸ್ಸು ರೆಕ್ಕೆಯನ್ನು ಸಮ ಮಾಡು ಅನ್ನುತ್ತದೆ, ಕೈ ಸಮ ಮಾಡುತ್ತದೆ, ಆಗ ವಿಮಾನ ಪಕ್ಕಕ್ಕೆ ತೇಲತೊಡಗುತ್ತದೆ.

ಚಿಕ್ಕ ವಿಮಾನಕ್ಕೇ ಅಡ್ಡಗಾಳಿಯ ಪೆಟ್ಟು ಯಾಕೆ ಜೋರು ಎನ್ನುವುದು ಲೆಕ್ಕ ಹಾಕಿದರೆ ಕಾಣುತ್ತದೆ. ನೀವು ಕಲಿಯುವ ಸೆಸ್ನಾ 172 ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲಿ, ಸುಮಾರು 65 ನಾಟ್ ವೇಗದಲ್ಲಿ ಬರುತ್ತದೆ. ಪೂರ್ತಿ ಅಡ್ಡದಿಂದ 15 ನಾಟ್ ಗಾಳಿ, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ಬೀಸಿದರೆ ಆ ವಿಮಾನ ಮೂತಿಯನ್ನು 13 ಡಿಗ್ರಿ ತಿರುಗಿಸಿಕೊಂಡು ಬರಬೇಕು. ಅದೇ ಗಾಳಿಗೆ 140 ನಾಟ್‌ನಲ್ಲಿ ಬರುವ ಜೆಟ್‌ಗೆ 6 ಡಿಗ್ರಿ ಸಾಕು. ಮೇಲಾಗಿ ನಮ್ಮ ಸೆಸ್ನಾ ತುಂಬಿದಾಗಲೂ ಸುಮಾರು 1,150 ಕಿಲೋ, ಒಂದು ಕಾರಿನಷ್ಟು ತೂಕ. ಒಂದು ಗಾಳಿಯಲೆ ಅದನ್ನು ಎತ್ತಿ ಮೀಟರುಗಟ್ಟಲೆ ಪಕ್ಕಕ್ಕೆ ಇಡಬಲ್ಲದು.

ಗಾಳಿ ನೇರ ಅಡ್ಡ ಬರುವುದು ಅಪರೂಪ, ಓರೆಯಾಗಿ ಬರುವುದೇ ಹೆಚ್ಚು. ರನ್‌ವೇಗೆ 30 ಡಿಗ್ರಿ ಓರೆಯಲ್ಲಿ ಬಂದರೆ ಅದರ ಅರ್ಧ ಅಡ್ಡಗಾಳಿ. 45 ಡಿಗ್ರಿಯಾದರೆ ಹತ್ತರಲ್ಲಿ ಏಳು ಪಾಲು. 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಈ ಲೆಕ್ಕವನ್ನು ಫೋನ್ ತೆಗೆಯದೆ, ರನ್‌ವೇಗೆ ಸಮಾನಾಂತರವಾಗಿ ಡೌನ್‌ವಿಂಡ್‌ನಲ್ಲಿ ಹಾರುತ್ತಲೇ ಮನಸ್ಸಿನಲ್ಲಿ ಮಾಡಿ. ಗಾಳಿಯ ದಿಕ್ಕು ತೋರುವ ವಿಂಡ್‌ಸಾಕ್ ನೋಡುವುದನ್ನು ಮರೆಯಬೇಡಿ. ಟವರ್ ಹೇಳುವ ಸಂಖ್ಯೆ ಸ್ವಲ್ಪ ಹಿಂದಿನದು, ವಿಂಡ್‌ಸಾಕ್ ಈಗಿನದು.

ಕೈಪಿಡಿಯಲ್ಲಿ 172ಕ್ಕೆ 15 ನಾಟ್, 152ಕ್ಕೆ 12 ನಾಟ್ ಎಂದು ಒಂದು ಸಂಖ್ಯೆ ಇರುತ್ತದೆ. ಅದು ‘ತೋರಿಸಿದ ಅಡ್ಡಗಾಳಿ’. ಪರೀಕ್ಷೆಯ ದಿನಗಳಲ್ಲಿ ಕಂಪನಿಯ ಟೆಸ್ಟ್ ಪೈಲಟ್ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾನೆ ಎಂದಷ್ಟೇ ಅದರ ಅರ್ಥ. ಅದಕ್ಕಿಂತ ಹೆಚ್ಚು ಗಾಳಿಯನ್ನು ಆ ವಿಮಾನ ತಡೆಯಲಾರದು ಎಂದಲ್ಲ, ಅಷ್ಟು ಗಾಳಿಯನ್ನು ನೀವು ತಡೆಯಬಲ್ಲಿರಿ ಎಂದಂತೂ ಅಲ್ಲವೇ ಅಲ್ಲ. ಇಪ್ಪತ್ತು ಗಂಟೆ ಹಾರಿದ ವಿದ್ಯಾರ್ಥಿಯ ಮಿತಿ 5 ಅಥವಾ 6 ನಾಟ್ ಇರಬಹುದು. ಅದನ್ನು ಬೋಧಕರ ಜತೆ ಕೂತು ಗೊತ್ತುಮಾಡಿಕೊಂಡು, ಲಾಗ್‌ಬುಕ್ಕಿನ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪೆನ್ಸಿಲ್ ಯಾಕೆಂದರೆ ಅದನ್ನು ಮುಂದೆ ಅಳಿಸಿ ಹೆಚ್ಚಿಸಬೇಕು. ಎರಡು ತಿಂಗಳು ಹಾರದೆ ಇದ್ದು ಬಂದರೆ ಮತ್ತೆ ಇಳಿಸಲೂ ಬೇಕು.

ಈಗ ಆ ಹುಡುಗಿಯ ಎರಡು ಮೂರು ಸೆಕೆಂಡಿನ ವಿಷಯಕ್ಕೆ ಬರುತ್ತೇನೆ. ಮೂತಿ ತಿರುಗಿಸುವ ರಡ್ಡರಿಗೂ ರೆಕ್ಕೆ ವಾಲಿಸುವ ಏಲೆರಾನ್‌ಗೂ ಶಕ್ತಿ ಬರುವುದು ಅವುಗಳ ಮೇಲೆ ಹಾಯುವ ಗಾಳಿಯಿಂದ. ವೇಗ ಅರ್ಧವಾದರೆ ಅವುಗಳ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. 50 ನಾಟ್‌ನಲ್ಲಿ ಬೆರಳಷ್ಟು ಅಲುಗಿಸಿದರೆ ಸಾಕಾಗಿದ್ದ ಕಡೆ 25 ನಾಟ್‌ನಲ್ಲಿ ಅಂಗೈ ತುಂಬ ತಿರುಗಿಸಬೇಕು. ವಿಮಾನ ನಿಧಾನವಾಗುತ್ತಿದೆ, ಅಡ್ಡಗಾಳಿ ಮಾತ್ರ ಇದ್ದಷ್ಟೇ ಇದೆ. ಬಾಲದ ನಿಂತ ರೆಕ್ಕೆ ಹಿಂದೆ ಎತ್ತರಕ್ಕೆ ಇರುವುದರಿಂದ ಗಾಳಿ ಅದನ್ನು ತಳ್ಳುತ್ತದೆ, ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ, ಮನೆಯ ಮೇಲಿನ ಗಾಳಿಕೋಳಿಯ ಹಾಗೆ. ಜತೆಗೆ ಗಾಳಿಯ ಕಡೆಯ ರೆಕ್ಕೆಯ ಕೆಳಗೆ ಗಾಳಿ ಹೊಕ್ಕು ಅದನ್ನು ಎತ್ತುತ್ತದೆ. ಆದ್ದರಿಂದ ನೆಲ ಮುಟ್ಟಿದ ಮೇಲೆ ಏಲೆರಾನನ್ನು ಗಾಳಿಯ ಕಡೆಗೆ ಇನ್ನಷ್ಟು, ಇನ್ನಷ್ಟು ತಿರುಗಿಸುತ್ತ ಹೋಗಿ, ವಿಮಾನ ನಡಿಗೆಯ ವೇಗಕ್ಕೆ ಬರುವಾಗ ಪೂರ್ತಿ ಕೊನೆಗೆ ತಂದಿರಬೇಕು. ನಾವೆಲ್ಲ ಮಾಡುವುದು ಇದಕ್ಕೆ ತಿರುಗುಮುರುಗು. ಚಕ್ರ ಚಿರ್ ಎಂದ ಕೂಡಲೇ ಉಸಿರು ಬಿಡುತ್ತೇವೆ, ಕೈಯನ್ನು ನಡುವಿಗೆ ತರುತ್ತೇವೆ. ಕಾರು ಓಡಿಸುವ ಕೈಗೆ ನಡು ಎಂದರೆ ನೇರ. 1983ರಲ್ಲಿ ನನ್ನ ಕೈ ಅಲ್ಲಿತ್ತು. ಮೇ ತಿಂಗಳಲ್ಲಿ ಅವಳ ಕೈಯೂ ಅಲ್ಲೇ ಇತ್ತು.

ಮೂಗುಚಕ್ರದ ವಿಮಾನ ಪುಷ್ಪಕ್‌ಗಿಂತ ಸಾಧು ನಿಜ. ಅದರ ಭಾರಕೇಂದ್ರ ಮುಖ್ಯ ಚಕ್ರಗಳ ಮುಂದಿದೆ, ಓರೆಯಾದರೂ ತಾನೇ ನೇರವಾಗಲು ನೋಡುತ್ತದೆ. ಅದಕ್ಕೆ ಬೇರೆ ಅಪಾಯವಿದೆ. ವೇಗ ಹೆಚ್ಚಿದ್ದಾಗ ಗಾಬರಿಯಿಂದ ಮೂತಿ ತಗ್ಗಿಸಿ ನೆಲಕ್ಕೆ ಒತ್ತಿದರೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದು, ಗಾರೆ ಕೆಲಸದವರ ಒಂಟಿಚಕ್ರದ ಗಾಡಿಯ ಹಾಗೆ ವಿಮಾನ ಆ ಒಂದು ಚಕ್ರದ ಸುತ್ತಲೇ ತಿರುಗುತ್ತದೆ. ಅಡ್ಡಗಾಳಿಯ ತೊಡಕನ್ನು ಯಂತ್ರದಿಂದಲೇ ಬಗೆಹರಿಸಲು ನೋಡಿದವರೂ ಇದ್ದರು. 1937ರಲ್ಲಿ ಮೊದಲು ಹಾರಿದ ಅಮೆರಿಕದ ಅರ್‌ಕೂಪ್ ಎಂಬ ಪುಟ್ಟ ವಿಮಾನಕ್ಕೆ ರಡ್ಡರ್ ಪೆಡಲ್ಲೇ ಇರಲಿಲ್ಲ. ಓರೆಯಾಗಿಯೇ ಇಳಿಯುವುದು, ನೆಲ ಮುಟ್ಟಿದ ಮೇಲೆ ತಾನಾಗಿ ನೇರವಾಗುವುದು. ಬಿ-52 ಬಾಂಬರಿನ ಚಕ್ರಗಳನ್ನೇ ಪಕ್ಕಕ್ಕೆ ತಿರುಗಿಸಿಕೊಂಡು ಇಳಿಯುವ ಏರ್ಪಾಟಿದೆ. ನೀವು ಕಲಿಯುವ ವಿಮಾನಗಳಲ್ಲಿ ಇವು ಯಾವುವೂ ಇಲ್ಲ. ನಿಮಗಿರುವುದು ಎರಡು ಕೈ, ಎರಡು ಕಾಲು.

ನಮ್ಮ ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ತೊಡಕಿದೆ. ಜಕ್ಕೂರಿನ ರನ್‌ವೇ 08/26. ಎಚ್‌ಎಎಲ್, ಯಲಹಂಕ, ದೇವನಹಳ್ಳಿ ಎಲ್ಲ 09/27. ಅಂದರೆ ಎಲ್ಲವೂ ಪೂರ್ವ ಪಶ್ಚಿಮಕ್ಕೆ ಮಲಗಿವೆ. ಆಷಾಢದ ಗಾಳಿ ಪಡುವಣದಿಂದ, ಚಳಿಗಾಲದ ಗಾಳಿ ಮೂಡಣದಿಂದ ಬರುವುದರಿಂದ, ಹಾಕಿದವರು ತಿಳಿದೇ ಹಾಕಿದ್ದಾರೆ. ಆಷಾಢದಲ್ಲಿ ಗಾಳಿಪಟ ಹಾರಿಸಿದ ಪ್ರತಿ ಹುಡುಗನಿಗೂ ಆ ಗಾಳಿಯ ಜೋರು ಗೊತ್ತು. ಆದರೆ ಅಷ್ಟು ಜೋರಿನ ಗಾಳಿ ವರ್ಷದ ಬಹುಪಾಲು ಮೂತಿಗೆ ನೇರ ಬರುತ್ತದೆ. ಅದರಲ್ಲಿ ಇಳಿದು ಇಳಿದು, ಗಾಳಿ ನನಗೆ ಅಭ್ಯಾಸವಾಗಿದೆ ಎಂದು ಕಾಲುಗಳು ಸುಮ್ಮನಾಗುತ್ತವೆ. ಆಮೇಲೆ ಏಪ್ರಿಲ್, ಮೇ ಬರುತ್ತದೆ. ಮಧ್ಯಾಹ್ನ ಮೋಡ ಕಟ್ಟುತ್ತದೆ, ಮಳೆಗೆ ಮುಂಚಿನ ಗಾಳಿ ದಕ್ಷಿಣದಿಂದಲೋ ಉತ್ತರದಿಂದಲೋ ನುಗ್ಗುತ್ತದೆ. ನಿಮ್ಮಲ್ಲಿ ಹಲವರು ಟೆಕ್ಸಾಸಿಗೆ, ಫ್ಲಾರಿಡಾಕ್ಕೆ, ದಕ್ಷಿಣ ಆಫ್ರಿಕಾಕ್ಕೆ, ನ್ಯೂಜಿಲೆಂಡಿಗೆ ಹೋಗಿ ಗಂಟೆ ತುಂಬಿಸುತ್ತೀರಿ. ಅಲ್ಲಿನ ಗಾಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ.

ಇಲ್ಲಿಯವರೆಗೆ ಹೇಳಿದ ತಪ್ಪುಗಳಲ್ಲಿ ಹಾಳಾಗುವುದು ಹೆಚ್ಚಾಗಿ ತಗಡು. ಜೀವ ಹೋಗುವುದು ನೆಲದಿಂದ ನಾಲ್ಕೈನೂರು ಅಡಿ ಮೇಲೆ, ರನ್‌ವೇ ಸಾಲಿಗೆ ಅಡ್ಡಲಾಗಿ ಹಾರುವ ಬೇಸ್‌ನಿಂದ ಫೈನಲ್‌ಗೆ ತಿರುಗುವ ಕಡೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ರನ್‌ವೇ 27ಕ್ಕೆ ಎಡಗೈ ಸರ್ಕಿಟ್, ಗಾಳಿ ದಕ್ಷಿಣದಿಂದ. ಬೇಸ್‌ನಲ್ಲಿ ನೀವು ಉತ್ತರಕ್ಕೆ ಹೋಗುತ್ತಿದ್ದೀರಿ, ಅಂದರೆ ಗಾಳಿ ಬೆನ್ನಿಗಿದೆ. ದಿನದ ಅಭ್ಯಾಸದ ಜಾಗದಲ್ಲೇ ತಿರುವು ಶುರುಮಾಡುತ್ತೀರಿ, ವಿಮಾನ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ರನ್‌ವೇ ಎಡಕ್ಕೆ ಜಾರಿ ಹೋಗುತ್ತಿರುವುದು ಕಾಣುತ್ತದೆ. ಇಷ್ಟು ಕೆಳಗೆ ಹೆಚ್ಚು ವಾಲಿಸಲು ಭಯ. ಹಾಗಾಗಿ ನಿಮಗೇ ಗೊತ್ತಿಲ್ಲದೆ ಎಡಗಾಲು ಎಡ ರಡ್ಡರನ್ನು ಒತ್ತಿ ಮೂತಿಯನ್ನು ಎಳೆದುಕೊಳ್ಳುತ್ತದೆ. ಮೂತಿ ತಗ್ಗುತ್ತದೆ, ಕೈ ಹಿಂದಕ್ಕೆ ಎಳೆಯುತ್ತದೆ. ರೆಕ್ಕೆ ವಾಲತೊಡಗುತ್ತದೆ, ಕೈ ಬಲಕ್ಕೆ ತಿರುಗುತ್ತದೆ. ಸ್ಟಾಲ್ ಆಗಲು, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳಲು, ಬೇಕಾದ್ದೆಲ್ಲ ಈಗ ಸೇರಿದೆ. ಒಳಗಡೆಯ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಎಡಕ್ಕೆ ಮಗುಚಿ ಸುರುಳಿಗೆ ಬೀಳುತ್ತದೆ. ಭಯಬಿದ್ದು ಕಡಿದಾಗಿ ವಾಲಿಸಿ ಎಳೆದರೂ ಉಪಾಯವಿಲ್ಲ. 60 ಡಿಗ್ರಿ ವಾಲಿಸಿ ಎತ್ತರ ಉಳಿಸಿಕೊಂಡರೆ ಸ್ಟಾಲ್ ವೇಗ ಶೇಕಡಾ 41ರಷ್ಟು ಏರುತ್ತದೆ. ನಾಲ್ಕುನೂರು ಅಡಿಯಲ್ಲಿ ಸುರುಳಿಯಿಂದ ಎದ್ದು ಬರಲು ಜಾಗವಿಲ್ಲ, ಯಾವ ಅನುಭವಿಗೂ ಇಲ್ಲ. ರನ್‌ವೇ ಎಡಕ್ಕೆ ಜಾರಿತೇ? ಜಾರಲಿ. ರೆಕ್ಕೆ ಸಮ ಮಾಡಿ, ಥ್ರಾಟಲ್ ಪೂರ್ತಿ ಕೊಡಿ, ಮೇಲೇರಿ.

ಮೇಲೇರಿ ಎಂದು ಬರೆದು ಮುಗಿಸುವುದು ನನಗೆ ಸುಲಭ. ಅದೂ ಕಲಿಯಬೇಕಾದ ಕೆಲಸವೇ. ನೀವೆಲ್ಲ ತಿಳಿದಿರಬೇಕಾದ ಒಂದು ಅಪಘಾತ 2016ರ ಜೂನ್ 9ರಂದು ಟೆಕ್ಸಾಸಿನ ಹ್ಯೂಸ್ಟನ್ ನಗರದ ಹಾಬಿ ವಿಮಾನ ನಿಲ್ದಾಣದಲ್ಲಿ ನಡೆಯಿತು. ಒಕ್ಲಹೋಮಾದಿಂದ ಬಂದ ಸಿರಸ್ ಎಸ್‌ಆರ್20 ಎಂಬ ಚಿಕ್ಕ ವಿಮಾನ, ಒಳಗೆ ಮೂವರು. ದೊಡ್ಡ ಜೆಟ್‌ಗಳು ಒಂದರ ಹಿಂದೆ ಒಂದು ಇಳಿಯುವ ಜಾಗ ಅದು. ಗಾಳಿ ಪೂರ್ವದಿಂದ, 13 ನಾಟ್, ನಡುನಡುವೆ 18. ಮೊದಲು ರನ್‌ವೇ 4 ಕೊಟ್ಟಿದ್ದರು. ಹಿಂದೆ ವೇಗವಾಗಿ ಬರುತ್ತಿದ್ದ ಜೆಟ್‌ಗೆ ದಾರಿ ಮಾಡಲು ಈ ವಿಮಾನವನ್ನು ಪಕ್ಕಕ್ಕೆ ಕಳಿಸಿದರು. ಆಮೇಲೆ ರನ್‌ವೇ 35 ಕೊಟ್ಟರು. ಲೆಕ್ಕ ಹಾಕಿ ನೋಡಿ: 35 ಎಂದರೆ 350 ಡಿಗ್ರಿ, ಗಾಳಿ 90ರ ಕಡೆಯಿಂದ. ಪೂರ್ತಿ ಅಡ್ಡ, ಸಾಲದ್ದಕ್ಕೆ ಚೂರು ಬೆನ್ನಿಗೂ. ಹೀಗೆ ಬೆನ್ನಿಗೆ ಗಾಳಿ ಇದ್ದರೆ ವಿಮಾನ ಎತ್ತರ ಕಳೆದುಕೊಳ್ಳುವ ಮೊದಲೇ ರನ್‌ವೇ ಮೇಲೆ ಬಂದುಬಿಡುತ್ತದೆ. ಬಂದಾಗಲೆಲ್ಲ ಎತ್ತರ ಹೆಚ್ಚಾಗುತ್ತಿತ್ತು, ಮತ್ತೆ ಸುತ್ತು, ಮತ್ತೆ ಹೊಸ ಸೂಚನೆ. ಪೈಲಟ್ ಪ್ರತಿ ಸೂಚನೆಗೂ ಸೌಜನ್ಯದಿಂದ ಆಗಲಿ ಎನ್ನುತ್ತಲೇ ಹೋದರು. ಕೊನೆಯ ಸಲ ಮೇಲೇರುವಾಗ ವೇಗ ಇನ್ನೂ ಕೂಡಿರಲಿಲ್ಲ, ನಿಧಾನ ವೇಗದಲ್ಲೂ ರೆಕ್ಕೆಗೆ ಎತ್ತುವ ಶಕ್ತಿ ಕೊಡುವ ಫ್ಲ್ಯಾಪ್‌ಗಳನ್ನು ಎತ್ತಿದರು. ರೆಕ್ಕೆ ಸೋತಿತು, ವಿಮಾನ ಸುರುಳಿ ಸುತ್ತಿ ಒಂದು ಅಂಗಡಿಯ ಮುಂದೆ ನಿಲ್ಲಿಸಿದ್ದ ಖಾಲಿ ಕಾರಿನ ಮೇಲೆ ಬಿತ್ತು. ಮೂವರೂ ಉಳಿಯಲಿಲ್ಲ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಆ ವಿಮಾನದಲ್ಲಿ ಇರುತ್ತದೆ. ಅಷ್ಟು ಕೆಳಗೆ ಅದು ಬಿಚ್ಚಿಕೊಳ್ಳಲು ಎತ್ತರ ಸಾಲದು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ, ಸಾಕಷ್ಟು ವೇಗ ಬರುವ ಮೊದಲೇ ಫ್ಲ್ಯಾಪ್ ಎತ್ತಿದ್ದು ಕಾರಣ ಎಂದಿತು. ಆ ವಿಮಾನವನ್ನು ಸರ್ಕಿಟ್‌ನಲ್ಲೇ ಸುತ್ತಿಸಿದ ನಿಯಂತ್ರಕರ ನಿರ್ಧಾರವನ್ನೂ, ಇಕ್ಕಟ್ಟಿನ ಹೊತ್ತಿನಲ್ಲಿ ಕೊಟ್ಟ ಗೋಜಲು ಸೂಚನೆಯನ್ನೂ ಹೆಸರಿಸಿತು. ಪೈಲಟ್ ತನ್ನ ಮಾತನ್ನು ಗಟ್ಟಿಯಾಗಿ ಹೇಳದೆ ಹೋದದ್ದನ್ನೂ ಸೇರಿಸಿತು. ಇದನ್ನು ಓದಿದಾಗಲೆಲ್ಲ ನನಗೆ ನಿಮ್ಮ ಮುಖಗಳು ನೆನಪಾಗುತ್ತವೆ. ಹಿರಿಯರ ಮಾತಿಗೆ ಇಲ್ಲ ಅನ್ನಬಾರದು ಎಂದು ಬೆಳೆದ ಮಕ್ಕಳು ನೀವು. ಮೈಕಿನ ಆಚೆ ಗಡಸು ದನಿ ಕೇಳಿದರೆ ‘ಎಸ್ ಸರ್’ ತಾನಾಗಿ ಬಾಯಿಗೆ ಬರುತ್ತದೆ. ನಮ್ಮ ಕೆಲಸದಲ್ಲಿ ‘ಅನೇಬಲ್’ ಎಂಬ ಒಂದು ಪದವಿದೆ. ಆಗುವುದಿಲ್ಲ ಎಂದು ಅರ್ಥ. ಕಾರಣ ಕೊಡಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. ‘ಅನೇಬಲ್, ಅಡ್ಡಗಾಳಿ ಹೆಚ್ಚಿದೆ, ಬೇರೆ ರನ್‌ವೇ ಬೇಕು.’ ಇದನ್ನು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಮನೆಯ ಕೋಣೆಯಲ್ಲಿ ನಿಂತು ಹತ್ತು ಸಲ ಹೇಳಿ ನೋಡಿ. ಮೊದಲ ಎರಡು ಸಲ ದನಿ ನಡುಗುತ್ತದೆ.

ಇನ್ನು ನನ್ನ ಕಿರಿಯ ಬೋಧಕರಿಗೆ. ಗಾಳಿ 8 ನಾಟ್ ಇದೆ ಎಂದರೆ ಸೋಲೋ ಬೇಡ ಅನ್ನುತ್ತೀರಿ, ಅದು ಸರಿ. ಆದರೆ ಅದೇ ದಿನ ಅದೇ ವಿದ್ಯಾರ್ಥಿಯ ಪಕ್ಕ ನೀವು ಕೂತು ಕರೆದುಕೊಂಡು ಹೋಗಿ. ಗಾಳಿ ಇಲ್ಲದ ಬೆಳಗ್ಗೆಗಳಲ್ಲೇ 200 ಗಂಟೆ ತುಂಬಿಸಿ ಕಮರ್ಷಿಯಲ್ ಲೈಸೆನ್ಸ್ ಕೈಗೆ ಕೊಟ್ಟರೆ, ಅವರ ಮೊದಲ ನಿಜವಾದ ಅಡ್ಡಗಾಳಿ ಯಾರೋ ಅಪರಿಚಿತರನ್ನು ಹಿಂದೆ ಕೂರಿಸಿಕೊಂಡಾಗ ಬರುತ್ತದೆ. ನನಗೆ ಕೆಲಸಕ್ಕೆ ಬಂದಿರುವ ಅಭ್ಯಾಸ ಒಂದಿದೆ. ರನ್‌ವೇಯ ಹತ್ತಡಿ ಮೇಲೆ, ಇಳಿಯದೆ, ರೆಕ್ಕೆ ತಗ್ಗಿಸಿಕೊಂಡು ಉದ್ದಕ್ಕೂ ಹಾರಿಸಿ. ಸೆಂಟರ್ ಲೈನ್ ಬಿಟ್ಟು ಎಡ ಅಂಚಿಗೆ ಹೋಗು ಅನ್ನಿ, ಅಲ್ಲೇ ನಿಲ್ಲಿಸು ಅನ್ನಿ, ವಾಪಸು ಬಾ ಅನ್ನಿ. ಥ್ರಾಟಲ್ ನಿಮ್ಮ ಕೈಯಲ್ಲಿರಲಿ, ಉಳಿದದ್ದು ಅವರ ಕೈಯಲ್ಲಿ. ನೆಲ ಮುಟ್ಟುವ ಮುನ್ನ ಮೂತಿ ಎತ್ತುವ ಫ್ಲೇರ್‌ನಲ್ಲಿ ಅವರಿಗೆ ಸಿಗುವುದು ನಾಲ್ಕು ಸೆಕೆಂಡು, ಇಲ್ಲಿ ಮೂವತ್ತು ಸೆಕೆಂಡು ಸಿಗುತ್ತದೆ. ರಡ್ಡರ್ ಮೂತಿಗೆ, ಏಲೆರಾನ್ ಅಡ್ಡ ಜಾರುವಿಕೆಗೆ ಎನ್ನುವುದು ಬಾಯಲ್ಲಿ ಎಷ್ಟು ಸಲ ಹೇಳಿದರೂ ಹೋಗದ ಜಾಗಕ್ಕೆ ಹೀಗೆ ಮೂರು ಸುತ್ತಿನಲ್ಲಿ ಹೋಗುತ್ತದೆ. ಆಮೇಲೆ ಪ್ರತಿ ಸುತ್ತಿನ ಕೊನೆಗೆ ಮೇಲೇರುವುದನ್ನೂ ಅವರಿಂದಲೇ ಮಾಡಿಸಿ. ಪೂರ್ತಿ ಪವರ್, ಬಲಗಾಲು, ಏಳಲು ನೋಡುವ ಮೂತಿಯನ್ನು ತಡೆದು ಹಿಡಿಯುವುದು, ಫ್ಲ್ಯಾಪ್ ಒಂದೊಂದೇ ಮೆಟ್ಟಿಲು, ವೇಗ ನೋಡಿ ಮುಂದಿನದು.

ಅಪ್ಪ ಅಮ್ಮಂದಿರೇ, ನಿಮ್ಮ ಸಾಲದ ಕಂತು ನನಗೆ ಗೊತ್ತು. ಮಗಳು ಒಂದು ಸಲ ಇಳಿಯದೆ ಮತ್ತೆ ಸುತ್ತು ಹಾಕಿದರೆ ಸುಮಾರು ಆರು ನಿಮಿಷ, ಅಂದರೆ ಗಂಟೆಯ ಹತ್ತನೇ ಒಂದು ಪಾಲಿನ ದುಡ್ಡು. ಮಕ್ಕಳು ಫೈನಲ್‌ನಲ್ಲಿ ಈ ಲೆಕ್ಕ ಹಾಕುತ್ತಾರೆ. ಹಾಕಿದ್ದನ್ನು ನನ್ನ ಬಳಿ ಒಪ್ಪಿಕೊಂಡಿದ್ದಾರೆ. ಆ ಆರು ನಿಮಿಷದ ಬಗ್ಗೆ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಒಂದು ಸಲ ಬಾಯಿಬಿಟ್ಟು ಅವರಿಗೆ ಹೇಳಿ.

ಲಾಗ್‌ಬುಕ್ಕಿನಲ್ಲಿ ಲ್ಯಾಂಡಿಂಗ್‌ಗೆ ಒಂದು ಕಾಲಂ ಇದೆ. ಹಗಲಿನದು ಇಷ್ಟು, ರಾತ್ರಿಯದು ಇಷ್ಟು. ಇಳಿಯದೆ ಮೇಲೇರಿದ್ದಕ್ಕೆ ಕಾಲಂ ಇಲ್ಲ. ನಲವತ್ತು ವರ್ಷ ಆ ಪುಸ್ತಕ ತುಂಬಿಸಿಯೂ ನಾನದನ್ನು ಗಮನಿಸಿರಲಿಲ್ಲ.

ಗಮನಿಸಿದ್ದು ಹೋದ ತಿಂಗಳು, ಅದೇ ಹುಡುಗಿಯಿಂದ. ವಿಮಾನ ರಿಪೇರಿಯಾಗಿ ಬಂದ ಮೇಲೆ ಅವಳ ಪಕ್ಕ ನಾನು ಕೂತೆ. ದಕ್ಷಿಣದ ಗಾಳಿ, 9 ನಾಟ್. ಮೊದಲ ಸಲ ಫೈನಲ್‌ನಲ್ಲಿ ವಿಮಾನ ಬಲಕ್ಕೆ ಜಾರುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಅವಳ ಬಲಗೈ ಥ್ರಾಟಲನ್ನು ಪೂರ್ತಿ ತಳ್ಳಿತ್ತು. ಎರಡನೆಯ ಸಲ ಫ್ಲೇರ್‌ನಲ್ಲಿ ತೇಲಿತು, ಮತ್ತೆ ತಳ್ಳಿದಳು. ಮೂರನೆಯ ಸಲ ಎಡ ಚಕ್ರ ಚಿರ್ ಎಂದಿತು, ಒಂದು ಉಸಿರು ಬಿಟ್ಟು ಬಲ ಚಕ್ರ, ಆಮೇಲೆ ಮೂಗು. ನಾನು ರನ್‌ವೇ ನೋಡಲಿಲ್ಲ, ಅವಳ ಎಡಗೈ ನೋಡುತ್ತಿದ್ದೆ. ಅದು ಎಡಕ್ಕೆ ತಿರುಗುತ್ತ, ತಿರುಗುತ್ತ, ಕೊನೆ ಮುಟ್ಟಿ, ಟ್ಯಾಕ್ಸಿವೇ ತಿರುವು ಬರುವವರೆಗೂ ಅಲ್ಲೇ ನಿಂತಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು.

ಆಫೀಸಿಗೆ ಬಂದು ಲಾಗ್‌ಬುಕ್ ತೆರೆದು ಲ್ಯಾಂಡಿಂಗ್ ಕಾಲಂನಲ್ಲಿ 1 ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು. ‘ಸರ್, ಇನ್ನೆರಡನ್ನ ಎಲ್ಲಿ ಬರೀಲಿ?’ ಅಂದಳು. ರಿಮಾರ್ಕ್ಸ್ ಕಾಲಂ ತೋರಿಸಿದೆ. ‘ಗೋ ಅರೌಂಡ್ 2, ಅಡ್ಡಗಾಳಿ 9 ನಾಟ್’ ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಳ್ಳಿದಳು. ಆ ಸಾಲಿನ ಕೆಳಗೇ ಸಹಿ ಹಾಕಿದೆ.

ನಿಮ್ಮ,
ಒಬ್ಬ ಬೋಧಕ